ಮೂರು ಅಂಕದ ಪುಸ್ತಕಗಳು ಬೀರುವಿನಲ್ಲೇ ಇವೆ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಮೂರು ಅಂಕದ ಒಂದು ಪ್ರಶ್ನೆ ಇರುತ್ತದೆ. ಸಾಹಿತಿಯ ಸ್ಥಳ, ಕಾಲ, ಕೃತಿ, ಪ್ರಶಸ್ತಿಗಳನ್ನು ವಾಕ್ಯರೂಪದಲ್ಲಿ ಬರೆಯಬೇಕು. ಅದು ಗ್ಯಾರಂಟಿ ಅಂಕ ಅಂತ ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಸಾರಾ ಅಬೂಬಕ್ಕರ್, ಕಾಸರಗೋಡು, ‘ಚಂದ್ರಗಿರಿಯ ತೀರದಲ್ಲಿ’, ‘ಸಹನಾ’, ‘ವಜ್ರಗಳು’... ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೆ ಆ ಪುಸ್ತಕಗಳನ್ನು ನಾನಾಗಲಿ, ನನ್ನ ಬೆಂಚಿನವರಾಗಲಿ ಕಣ್ಣಿಂದಲೂ ನೋಡಿರಲಿಲ್ಲ. ನೋಡಿ ಅಂತ ಯಾರೂ ಹೇಳಿಯೂ ಇರಲಿಲ್ಲ.

ನಾನು ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯವಳು. ಈಗ ದ್ವಿತೀಯ ಪಿಯು, ಕಾಮರ್ಸ್. ಕಾಲೇಜಿನ ಹೆಸರು ಬರೆಯುವುದಿಲ್ಲ, ನಾಳೆ ಅಲ್ಲಿಗೇ ಹೋಗಬೇಕಲ್ಲ!

ನಮ್ಮ ಕಾಲೇಜಿನಲ್ಲಿ ಲೈಬ್ರರಿ ಇದೆ. ಗಾಜಿನ ಬಾಗಿಲಿನ ಬೀರುಗಳೂ ಇವೆ. ಎಲ್ಲಕ್ಕೂ ಬೀಗ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಡಬೇಕು, ಲೈಬ್ರರಿಯವರಿಗೆ ಪುರುಸೊತ್ತಿದ್ದರೆ ತೆಗೆದುಕೊಡುತ್ತಾರೆ. ಹೊರಗೆ ಬರುವುದು ಜಾಸ್ತಿ ಗೈಡುಗಳೇ. ಒಂದು ಮಧ್ಯಾಹ್ನ ಲೆಕ್ಚರರ್ ಬಂದಿರಲಿಲ್ಲ. ಸುಮ್ನೆ ಗಾಜಿಗೆ ಮುಖ ಒತ್ತಿಕೊಂಡು ಒಳಗಿದ್ದ ಪುಸ್ತಕಗಳ ಹೆಸರು ಓದುತ್ತಾ ನಿಂತಿದ್ದೆ. ಕೆಳಗಿನ ಸಾಲಿನಲ್ಲಿ ಒಂದನ್ನು ತಲೆಕೆಳಗು ಮಾಡಿ ಇಟ್ಟಿದ್ದರು. ಕತ್ತು ವಾಲಿಸಿ ಓದಿದೆ: ‘ಚಂದ್ರಗಿರಿಯ ತೀರದಲ್ಲಿ’. ಟೀವಿಯಲ್ಲಿ ಮಾತ್ರ ನೋಡಿದ್ದ ನಟಿ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಾ ನಿಂತ ಹಾಗಾಯಿತು.

ಕೇಳಿದ್ದಕ್ಕೆ, ‘ಅದ್ಯಾಕಮ್ಮ ನಿಂಗೆ? ನಿಮ್ಮ ಸಿಲಬಸ್‌ನಲ್ಲಿ ಇಲ್ವಲ್ಲ’ ಅಂದರು. ಸಿಲಬಸ್‌ನಲ್ಲಿ ಇದ್ದಾಗ ಪುಸ್ತಕ ಇರಲಿಲ್ಲ, ಪುಸ್ತಕ ಸಿಕ್ಕಾಗ ಸಿಲಬಸ್‌ನಲ್ಲಿ ಇಲ್ಲ. ಬಿಡದೆ ಬೇಡಿಕೊಂಡ ಮೇಲೆ ಬೀಗ ತೆಗೆದರು. ಕೊನೇ ಪುಟಕ್ಕೆ ಅಂಟಿಸಿದ್ದ ದಿನಾಂಕದ ಚೀಟಿ ಪೂರ್ತಿ ಖಾಲಿ. ಅಷ್ಟು ಕಾಲ ಅಲ್ಲಿದ್ದ ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದವಳು ನಾನೇ ಮೊದಲು.

ಆ ಕಾದಂಬರಿ ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾದಿರಾಳ ಮನಸ್ಸಿನಲ್ಲಿ ಏನಿದೆ ಅಂತ ಅಪ್ಪನೂ ಕೇಳುವುದಿಲ್ಲ, ಊರೂ ಕೇಳುವುದಿಲ್ಲ. ಅವಳ ಮದುವೆ, ಅವಳ ತಲಾಖ್, ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡುತ್ತಾರೆ. ಬೇರೆ ಹೆಸರು, ಬೇರೆ ಜಾತಿ ಇಟ್ಟುಕೊಂಡ ಇಂಥ ಅಪ್ಪಂದಿರನ್ನು ನಮ್ಮ ಕಡೆಯೂ ನೋಡಿದ್ದೇನೆ. ಇದೇ ಲೇಖಕಿಯ ‘ಯುದ್ಧ’ ಕಥೆಯನ್ನು ಹತ್ತನೇ ತರಗತಿಯಲ್ಲಿ ಓದಿದ್ದೆ. ಆಗ ಇಂಥದ್ದೇನೂ ಅನ್ನಿಸಿರಲಿಲ್ಲ. ಅದನ್ನು ಕಥೆ ಅಂತ ಓದಿದ್ದರೆ ತಾನೇ? ಪ್ರಶ್ನೋತ್ತರ, ಸಂದರ್ಭ ಸಹಿತ ವಿವರಿಸಿ, ಮುಗಿಯಿತು.

ಆಮೇಲೆ ಒಬ್ಬರಿಂದ ಇನ್ನೊಬ್ಬರು ಸಿಗುತ್ತಾ ಹೋದರು. ದ್ವಿತೀಯ ಪಿಯು ಕನ್ನಡದಲ್ಲಿ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ಇದೆ. ಊರಲ್ಲಿ ಏನೇ ಕೆಟ್ಟರೂ ಗೌರಿ ಆನೆಯ ತಲೆಗೆ ಕಟ್ಟುವುದನ್ನು ಕೇಳಿ, ಅಕೌಂಟೆನ್ಸಿ ಬಿಟ್ಟರೆ ಬೇರೇನೂ ಬೇಡ ಅನ್ನುವ ನಮ್ಮ ಹುಡುಗರೂ ನಕ್ಕಿದ್ದೇ ನಕ್ಕಿದ್ದು. ಇದು ‘ಕಿರಗೂರಿನ ಗಯ್ಯಾಳಿಗಳು’ ಪುಸ್ತಕದ್ದು ಅಂತ ಮೇಡಂ ಹೇಳಿದರು. ಅದನ್ನು ಹುಡುಕಿಕೊಂಡು ನಮ್ಮ ಪಂಚಾಯ್ತಿ ಲೈಬ್ರರಿಗೆ ಹೋದೆ. 2020ರಲ್ಲಿ ಪಂಚಾಯ್ತಿ ಲೈಬ್ರರಿಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದವರಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟರಲ್ಲ, ಆಗ ಮಾಡಿಸಿದ ಕಾರ್ಡು ನನ್ನ ಹತ್ತಿರ ಇತ್ತು. ಅಲ್ಲಿ ಬೀಗ ಇಲ್ಲ. ರ‍್ಯಾಕಿನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ‘ಗಯ್ಯಾಳಿಗಳು’ ಸಿಗಲಿಲ್ಲ, ‘ಕರ್ವಾಲೊ’ ಸಿಕ್ಕಿತು. ಶಾಲೆ ಮೆಟ್ಟಿಲು ಸರಿಯಾಗಿ ಹತ್ತದ ಮಂದಣ್ಣನನ್ನು ಅಷ್ಟು ದೊಡ್ಡ ವಿಜ್ಞಾನಿ ಹಾರುವ ಓತಿಗಾಗಿ ಬೆನ್ನು ಹತ್ತಿಕೊಂಡು ಹೋಗುವುದು ನನಗೆ ಬಹಳ ಹಿಡಿಸಿತು. ಈಗ ಬೇಲಿ ಮೇಲೆ ಓತಿಕ್ಯಾತ ಕಂಡರೆ ನಿಂತುಬಿಡುತ್ತೇನೆ. ಹಾಲಿನ ಡೇರಿಗೆ ಕಳಿಸಿದರೆ ಓತಿಕ್ಯಾತ ನೋಡ್ಕೊಂಡು ನಿಂತಿರ್ತಾಳೆ ಅಂತ ಅಮ್ಮನ ಕಂಪ್ಲೇಂಟು.

ಅಮ್ಮನ ಕಥೆ ಬೇರೆ. ‘ಶರಪಂಜರ’ ಸಿನಿಮಾವನ್ನು ಟೀವಿಯಲ್ಲಿ ಬಂದಾಗಲೆಲ್ಲ ನೋಡಿದವರು. ಅದು ತ್ರಿವೇಣಿಯವರ ಕಾದಂಬರಿ ಅಂತ ಗೊತ್ತಿರಲಿಲ್ಲ. ನಾನು ಲೈಬ್ರರಿಯಿಂದ ತಂದಿಟ್ಟಿದ್ದನ್ನು ನನಗಿಂತ ಮೊದಲೇ ಓದಿ ಮುಗಿಸಿ, ಸಿನಿಮಾದಲ್ಲಿ ಹೇಗೆ, ಪುಸ್ತಕದಲ್ಲಿ ಹೇಗೆ ಅಂತ ಪೂರ್ತಿ ಒಪ್ಪಿಸಿಬಿಟ್ಟರು. ನನಗೆ ಓದಲು ಏನು ಉಳಿಯಿತು? ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಅಷ್ಟರಲ್ಲೇ ಅಷ್ಟೊಂದು ಕಾದಂಬರಿ ಬರೆದಿದ್ದಾರೆ. ಬಾಯಿಪಾಠ ಮಾಡುವಾಗ ‘ಕಾಲ’ ಅನ್ನುವುದು ಬರೀ ಇಸವಿ. ಪುಸ್ತಕ ಓದಿದ ಮೇಲೆ ಅದೇ ಇಸವಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಇಷ್ಟವಾದರು ಅಂತ ಸುಳ್ಳು ಹೇಳುವುದಿಲ್ಲ. ಮೇಲುಕೋಟೆ ನಮಗೆ ಪಕ್ಕದಲ್ಲೇ ಇದ್ದರೂ ಅಲ್ಲಿನ ಕವಿ ಪು.ತಿ.ನ. ನನಗೆ ಇನ್ನೂ ಒಗ್ಗಿಲ್ಲ. ಎ.ಎನ್. ಮೂರ್ತಿರಾಯರು ಮಾತ್ರ ತಕ್ಷಣ ಒಗ್ಗಿದರು. ಅಣ್ಣನ ಹಳೇ ಹತ್ತನೇ ತರಗತಿ ಪುಸ್ತಕದಲ್ಲಿ ಅವರ ‘ವ್ಯಾಘ್ರಗೀತೆ’ ಇತ್ತು. ಖಿರ್ದಿ ಪುಸ್ತಕ ಹಿಡಿದ ಶಾನುಭೋಗರು, ಹಿಂದಿನಿಂದ ಎರಗುವುದು ಧರ್ಮವಲ್ಲ ಅನ್ನುವ ಹುಲಿ! ಮೂರ್ತಿರಾಯರು ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು, ‘ಮೈಸೂರು ಮಲ್ಲಿಗೆ’ಯ ನರಸಿಂಹಸ್ವಾಮಿ ಕಿಕ್ಕೇರಿಯವರು. ನಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಅಂತ ಕೇಳಿದೆ. ಕಿಕ್ಕೇರಿಯಿಂದ ಬರುವ ಹುಡುಗಿಗೇ ಗೊತ್ತಿರಲಿಲ್ಲ.

ಪಾಂಡವಪುರದ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆಯಲ್ಲ, ಅಲ್ಲಿಗೂ ಗೆಳತಿಯ ಜೊತೆ ಹೋಗಿದ್ದೆ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು ಲಕ್ಷಗಟ್ಟಲೆ ಪುಸ್ತಕ ಸೇರಿಸಿ ಎಲ್ಲರಿಗೂ ಬಾಗಿಲು ತೆರೆದಿಟ್ಟಿದ್ದಾರೆ. ನೆಲದಿಂದ ಆಳೆತ್ತರ ರಾಶಿ. ನಾವು ಹುಡುಕಿಕೊಂಡು ಹೋದದ್ದು ಸಿಗಲಿಲ್ಲ, ಹುಡುಕದೇ ಇದ್ದದ್ದು ಬೇಕಾದಷ್ಟು ಸಿಕ್ಕಿತು. ಕೂತು ಓದಿ, ಕೊನೇ ಬಸ್ಸು ತಪ್ಪುವ ಹೊತ್ತಿಗೆ ಎದ್ದೆವು. ನಮ್ಮ ವಯಸ್ಸಿನವರಿಗೆ ಇಷ್ಟದ ಲೇಖಕರು ಸಿಗುವುದು ಹೀಗೇ ಅಲ್ವಾ? ಚೀಟಿಯಲ್ಲಿ ಬರೆದುಕೊಡಲು ಮೊದಲು ಹೆಸರು ಗೊತ್ತಿರಬೇಕು. ಕೈ ಹಾಕಿ ತಡಕಾಡದೆ ಹೆಸರು ಗೊತ್ತಾಗುವುದಾದರೂ ಹೇಗೆ?

ಇನ್ನು ದುಡ್ಡಿನ ಮಾತು. ಅಪ್ಪ ಕಟ್ಟುವ ಮನೆ ಕಂದಾಯದ ರಸೀದಿಯಲ್ಲಿ ‘ಗ್ರಂಥಾಲಯ ಕರ’ ಅಂತ ಒಂದು ಸಾಲಿದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಅದು ಸಾರ್ವಜನಿಕ ಲೈಬ್ರರಿಗಳಿಗೆ, ಸರಿ. ಕಾಲೇಜಿಗೆ ಅಂತ ನಾವೂ ಲೈಬ್ರರಿ ಫೀಸ್ ಕಟ್ಟಿದ್ದೇವೆ. ಅಂದಮೇಲೆ ಆ ಬೀರುವಿನ ಪುಸ್ತಕದಲ್ಲಿ ನಮ್ಮದೂ ಪಾಲಿದೆ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಚಿಕ್ಕದು. ಪಠ್ಯಪುಸ್ತಕದ ಲೇಖಕರ ಪರಿಚಯದಲ್ಲಿ ‘ಕೃತಿಗಳು’ ಅಂತ ಪಟ್ಟಿ ಕೊಡುತ್ತೀರಲ್ಲ, ಆ ಪುಸ್ತಕಗಳಲ್ಲಿ ಸಿಗುವಷ್ಟನ್ನಾದರೂ ಪ್ರತಿ ಹೈಸ್ಕೂಲು, ಕಾಲೇಜಿನಲ್ಲಿ ಒಂದು ಬೀಗವಿಲ್ಲದ ರ‍್ಯಾಕಿನಲ್ಲಿ ಇಡಿಸಿ. ಹೊಸದಾಗಿ ಕೊಳ್ಳುವುದೂ ಜಾಸ್ತಿ ಇರಲಿಕ್ಕಿಲ್ಲ, ಎಷ್ಟೋ ಪುಸ್ತಕ ಈಗಾಗಲೇ ಬೀರುಗಳಲ್ಲಿ ಇರುತ್ತವೆ. ಮಕ್ಕಳು ಕಳೆದುಹಾಕುತ್ತಾರೆ, ಹರಿದುಹಾಕುತ್ತಾರೆ ಅನ್ನುತ್ತೀರಿ. ಒಂದು ನೋಟ್‌ಬುಕ್ ಕೊಡಿ. ಯಾರು ಯಾವತ್ತು ಏನು ತೆಗೆದುಕೊಂಡರು ಅಂತ ಬರೆದಿಡಲು ನಮ್ಮ ಕ್ಲಾಸಿನಲ್ಲೇ ನಾಲ್ಕೈದು ಜನ ತಯಾರಿದ್ದೇವೆ. ಹರಿದರೆ ಅಂಟಿಸಿಕೊಡುತ್ತೇವೆ, ಕಳೆದರೆ ದುಡ್ಡು ಕಟ್ಟುತ್ತೇವೆ.

ಇತಿ,
ದ್ವಿತೀಯ ಪಿಯು ವಿದ್ಯಾರ್ಥಿನಿ,
ಕೆ.ಆರ್.ಪೇಟೆ ತಾಲ್ಲೂಕು, ಮಂಡ್ಯ ಜಿಲ್ಲೆ