ಪೀಠಿಕೆಯ ಹಿಂದಿನ ಕಥೆಯನ್ನೂ ಮಕ್ಕಳಿಗೆ ಹೇಳಿ

ಮಾನ್ಯರೇ,

ನಮ್ಮೂರ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ‘ಭಾರತದ ಪ್ರಜೆಗಳಾದ ನಾವು’ ಎಂದು ಸಂವಿಧಾನದ ಪೀಠಿಕೆಯನ್ನು ಒಕ್ಕೊರಲಿನಿಂದ ಓದುತ್ತಾರೆ. ‘ಸಾರ್ವಭೌಮ’ ಬಂದಲ್ಲಿ ಚಿಕ್ಕವರ ನಾಲಗೆ ತೊಡರುತ್ತದೆ. ಮೊನ್ನೆ ಆರನೇ ತರಗತಿಯ ಮೊಮ್ಮಗಳು ಕೇಳಿದಳು: ‘ಅಜ್ಜ, ಇದು ಕಾನೂನಾ, ಪ್ರಾರ್ಥನೆಯಾ?’

ಸುಪ್ರೀಂ ಕೋರ್ಟಿಗೂ ಎದುರಾಗಿದ್ದ ಪ್ರಶ್ನೆ ಇದು. ಪಶ್ಚಿಮ ಬಂಗಾಳದ ಬೇರುಬಾರಿ ಪ್ರದೇಶವನ್ನು ಪಾಕಿಸ್ತಾನಕ್ಕೆ ಬಿಟ್ಟುಕೊಡುವ ಕುರಿತ 1960ರ ಪ್ರಕರಣದಲ್ಲಿ, ಪೀಠಿಕೆ ಸಂವಿಧಾನದ ಭಾಗವಲ್ಲ ಎಂದು ಅದು ಹೇಳಿತ್ತು. 1973ರಲ್ಲಿ ಆ ಮಾತು ಬದಲಾಯಿತು. ಅದಕ್ಕೆ ನಿಮಿತ್ತರಾದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಮಠದ ಜಮೀನಿನ ವಿಚಾರವಾಗಿ, ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ ಅವರು ಹೂಡಿದ ಮೊಕದ್ದಮೆಯನ್ನು 13 ನ್ಯಾಯಮೂರ್ತಿಗಳು ಆಲಿಸಿದರು. ಪೀಠಿಕೆ ಸಂವಿಧಾನದ್ದೇ ಭಾಗ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ತೀರ್ಪು ಬಂತು. ಎಸ್‌.ಆರ್‌. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣದಲ್ಲಿ 1994ರ ತೀರ್ಪು, ಪೀಠಿಕೆಯಲ್ಲಿರುವ ಜಾತ್ಯತೀತತೆ ಆ ಮೂಲ ಸ್ವರೂಪಕ್ಕೇ ಸೇರಿದ್ದೆಂದು ಸಾರಿತು. ಎರಡೂ ನಮ್ಮ ಮಗ್ಗುಲಿನ ಕಥೆಗಳು!

ಪೀಠಿಕೆಯೊಂದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು, ನಿಜ. ಆದರೆ ವಿಧಿಯೊಂದರ ಅರ್ಥ ಸ್ಪಷ್ಟವಾಗದಿದ್ದಾಗ ನ್ಯಾಯಾಧೀಶರು ತಿರುಗಿ ನೋಡುವುದು ಅದನ್ನೇ. ಶಾಲೆಗಳಲ್ಲಿ ದಿನವೂ ಓದಿಸುತ್ತಿರುವುದು ಸಂತೋಷ. ಜೊತೆಗೆ ಈ ಮೊಕದ್ದಮೆಗಳ ಕಥೆಯನ್ನೂ ಸಮಾಜ ವಿಜ್ಞಾನದ ಮೇಷ್ಟ್ರುಗಳು ಹೇಳಿಕೊಡಬೇಕೆಂದು ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಮೊಮ್ಮಗಳಿಗೆ ನಾನು ಹೇಳಿದ್ದೇನೆ. ರಜೆಯಲ್ಲಿ ಎಡನೀರಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ.

– ನಿವೃತ್ತ ಶಿಕ್ಷಕ, ಪುತ್ತೂರು