ಗಾಳಿಕಿಂಡಿ ಹಿಗ್ಗಿಸಿದರೆ ಎಂಜಿನ್ ತಣಿಯದು

ಮಾನ್ಯ ಸಂಪಾದಕರೇ,

ಸ್ವಂತವಾಗಿ ವಿಮಾನ ಕಟ್ಟುವ ಹವ್ಯಾಸಿಗಳು, ಗಾಳಿಯಿಂದ ತಣಿಯುವ ಲೈಕಮಿಂಗ್ ಒ-320ರಂಥ ಎಂಜಿನ್ ಅತಿಯಾಗಿ ಕಾದರೆ ಮೊದಲು ಮುಂದಿನ ಗಾಳಿಕಿಂಡಿ ಹಿಗ್ಗಿಸುತ್ತಾರೆ. ಹೆಚ್ಚುವುದು ವಿಮಾನದ ಎಳೆತ ಮಾತ್ರ! ಗಾಳಿಯನ್ನು ಸಿಲಿಂಡರಿನ ಸುತ್ತಲಿರುವ, ಶಾಖ ಬಿಡುವ ತೆಳು ಲೋಹದ ಫಿನ್‌ಗಳ ನಡುವೆ ದೂಡುವುದು ಸಿಲಿಂಡರಿನ ಮೇಲಿನ, ಕೆಳಗಿನ ಒತ್ತಡಗಳ ವ್ಯತ್ಯಾಸ. ನೀರು ತುಂಬಿದ ಯು-ನಳಿಗೆಯಿಂದ ಅದನ್ನು ಹಾರಾಟದಲ್ಲೇ ಅಳೆಯಬಹುದು. ಸಾಲದಿದ್ದರೆ, ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ತಗಡಿನ ತಡೆಗಳ ಸಂದುಗಳನ್ನು ಶಾಖ ತಾಳುವ ಸಿಲಿಕೋನ್‌ನಿಂದ ಮುಚ್ಚಬೇಕು. ಅಂಚಿನ ರಬ್ಬರ್ ಪಟ್ಟಿ ಒತ್ತಡ ಹೆಚ್ಚಿರುವ ಕಡೆಗೇ ಬಾಗಿರಬೇಕು. ಹೊರಕ್ಕೆ ಮಡಚಿಕೊಂಡರೆ ಗಾಳಿಯೇ ಅದನ್ನು ತೆರೆದುಬಿಡುತ್ತದೆ. ಕಿಂಡಿಯ ಹಿಂದಿನ ನಾಳ ಒಮ್ಮೆಗೇ ಅಗಲವಾದರೆ ಗಾಳಿ ಗೋಡೆ ಬಿಟ್ಟು ಸುಳಿಯಾಗುತ್ತದೆ. ಪ್ರತಿ ಬದಿಗೆ 7 ಡಿಗ್ರಿ ಸಾಕು. ಆಮೇಲೆ ಕೆಳಗಿನ ಹೊರದಾರಿ: ಬಿಸಿಗಾಳಿ ಹಿಗ್ಗಿರುವುದರಿಂದ ಅದು ಒಳದಾರಿಗಿಂತ ದೊಡ್ಡದಿರಲಿ. ಸಿಲಿಂಡರ್ ತಲೆಯ ಬಿಸಿಗೆ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್ ಎಂದು ನೆಮ್ಮದಿ ಬೇಡ. ಸಮತಲ ಹಾರಾಟದಲ್ಲಿ ಅದು 205ರೊಳಗೇ ಇರಬೇಕು.

– ಹವ್ಯಾಸಿ ವಿಮಾನ ನಿರ್ಮಾಪಕರು, ಬೆಂಗಳೂರು