ಎರೆಗೂ ಸೈ, ಮಸಾರಿಗೂ ಸೈ: ಜೊಕೊವಿಚ್‌ಗೇ ನನ್ನ ಓಟು

ಮಾನ್ಯ ಸಂಪಾದಕರೇ,

ಗಂಡಸರ ಟೆನಿಸ್‌ನಲ್ಲಿ ಎಲ್ಲ ಕಾಲಕ್ಕೂ ದೊಡ್ಡ ಆಟಗಾರ ಯಾರು ಅನ್ನೋ ಮಾತು ನಿಮ್ಮ ಕ್ರೀಡಾ ಪುಟದಲ್ಲಿ ಆಗಾಗ ಬರುತ್ತದೆ. ಪ್ರತಿ ಸಲ ಅದೇ ಲೆಕ್ಕ. ಗ್ರ್ಯಾಂಡ್ ಸ್ಲಾಮ್ ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಜೊಕೊವಿಚ್ ಗೆದ್ದದ್ದು 24, ನಡಾಲ್ 22, ಫೆಡರರ್ 20. ಕೆಳಗೆ ಫೆಡರರ್ ಆಟದ ಅಂದ ಹೊಗಳಿ ಎರಡು ಸಾಲು, ಅಲ್ಲಿಗೆ ಮುಗೀತು. ನಾನೂ ಜೊಕೊವಿಚ್ ಪರವೇ. ಆದರೆ 24 ದೊಡ್ಡ ಸಂಖ್ಯೆ ಅನ್ನೋದಷ್ಟೇ ಕಾರಣ ಆದರೆ ನನಗೆ ಸಾಲದು.

ಕೊಪ್ಪಳದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಊರಲ್ಲಿ ನಮಗೆ ಎರಡು ಹೊಲ ಇವೆ, ಒಂದು ಎರೆ, ಅಂದರೆ ಕಪ್ಪು ಮಣ್ಣು, ಇನ್ನೊಂದು ಮಸಾರಿ, ಅಂದರೆ ಕೆಂಪು ಮಣ್ಣು. ನಡುವೆ ಒಂದು ಹಳ್ಳ, ಅಷ್ಟೇ. ಆದರೆ ಒಂದರ ಬೇಸಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಮಳೆ ಬಿದ್ದ ಸಂಜೆಗೇ ಮಸಾರಿಯಲ್ಲಿ ಓಡಾಡಬಹುದು, ಎರೆಯಲ್ಲಿ ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತಲು ಆಗದು, ಎರಡು ಮೂರು ದಿನ ಆ ಕಡೆ ತಲೆ ಹಾಕುವಂತಿಲ್ಲ. ಮಸಾರಿಗೆ ಮುಂಗಾರಿನ ಶೇಂಗಾ, ಸಜ್ಜೆ. ಎರೆಗೆ ಹಿಂಗಾರಿನ ಬಿಳಿಜೋಳ, ಕಡಲೆ. ನಮ್ಮಪ್ಪ ಎರಡರಲ್ಲೂ ಬೆಳೆ ತೆಗೆಯುತ್ತಿದ್ದರು, ಅದಕ್ಕೇ ಊರವರು ಬಿತ್ತನೆಗೆ ಮುಂಚೆ ಅವರನ್ನು ಒಂದು ಮಾತು ಕೇಳಿಕೊಂಡು ಹೋಗುತ್ತಿದ್ದರು.

ಟೆನಿಸ್ ಕೂಡ ನೆಲದ ಆಟವೇ. ಪ್ಯಾರಿಸ್‌ನ ಕೆಂಪು ಅಂಕಣದಲ್ಲಿ ಸುಣ್ಣಕಲ್ಲಿನ ಪದರದ ಮೇಲೆ ತೆಳ್ಳಗೆ ಇಟ್ಟಿಗೆ ಪುಡಿ ಹರಡಿರುತ್ತಾರೆ. ಅಲ್ಲಿ ಚೆಂಡು ನಿಧಾನ ಆಗಿ ಮೇಲಕ್ಕೆ ಪುಟಿಯುತ್ತದೆ, ಆಟಗಾರ ಜಾರಿಕೊಂಡೇ ಹೋಗಿ ಹೊಡೆಯಬೇಕು. ವಿಂಬಲ್ಡನ್‌ನಲ್ಲಿ 8 ಮಿಲಿಮೀಟರ್‌ಗೆ ಕತ್ತರಿಸಿದ ಹುಲ್ಲು, ಚೆಂಡು ತಗ್ಗಿನಲ್ಲೇ ಸರ್ರನೆ ಬರುತ್ತದೆ. ಮೆಲ್ಬರ್ನ್, ನ್ಯೂಯಾರ್ಕ್‌ನಲ್ಲಿ ಗಟ್ಟಿ ನೆಲ. ಈಗ ಮೂವರ ಲೆಕ್ಕವನ್ನು ಬಿಡಿಸಿ ನೋಡಿ. ಆಸ್ಟ್ರೇಲಿಯಾ, ಫ್ರೆಂಚ್, ವಿಂಬಲ್ಡನ್, ಅಮೆರಿಕ ಅನ್ನೋ ಕ್ರಮದಲ್ಲಿ ನಡಾಲ್ 2, 14, 2, 4. ಫೆಡರರ್ 6, 1, 8, 5. ಜೊಕೊವಿಚ್ 10, 3, 7, 4. ನಾಲ್ಕೂ ಕಡೆ ಕನಿಷ್ಠ ಮೂರು ಸಲ ಗೆದ್ದ ಗಂಡಸು ಇವನೊಬ್ಬನೇ. ಫೆಡರರ್‌ಗೆ ಸಿಕ್ಕ ಆ ಒಂದು ಫ್ರೆಂಚ್ ಕಪ್ 2009ರದ್ದು, ಆ ವರ್ಷ ನಡಾಲ್‌ನನ್ನು ಸೋಡರ್ಲಿಂಗ್ ಮೊದಲೇ ಮನೆಗೆ ಕಳಿಸಿದ್ದ. ನಡಾಲ್ ಎದುರಿಗಿದ್ದ ನಾಲ್ಕು ಫ್ರೆಂಚ್ ಫೈನಲ್‌ಗಳಲ್ಲೂ ಫೆಡರರ್ ಸೋತಿದ್ದಾನೆ.

ನಡಾಲ್ ಅಭಿಮಾನಿಗಳು ಬೇಜಾರಾಗಬೇಡಿ. ಪ್ಯಾರಿಸ್‌ನಲ್ಲಿ 112 ಗೆಲುವು, 4 ಸೋಲು. ಒಂದೇ ಹೊಲದಲ್ಲಿ ಇಂಥ ಬೆಳೆಯನ್ನು ಇನ್ಯಾರೂ ತೆಗೆದಿಲ್ಲ. ಆದರೆ ಆ ನಾಲ್ಕು ಸೋಲಿನಲ್ಲಿ ಎರಡು ಜೊಕೊವಿಚ್ ಕೈಯಲ್ಲಿ, 2015 ಮತ್ತು 2021. 2021ರ ಸೆಮಿಫೈನಲ್ ನೋಡಿದವರಿಗೆ ಗೊತ್ತು, ಮೊದಲ ಸೆಟ್ ಕಳೆದುಕೊಂಡು, 13 ಸಲ ಅಲ್ಲಿ ಗೆದ್ದಿದ್ದ ಮನುಷ್ಯನ ಎದುರು ಒಂದೂವರೆ ಗಂಟೆ ಹತ್ತಿರ ನಡೆದ ಮೂರನೇ ಸೆಟ್ಟನ್ನು ಟೈಬ್ರೇಕ್‌ನಲ್ಲಿ (ಸೆಟ್ ಸಮ ಆದಾಗ ತೀರ್ಮಾನಕ್ಕೆ ಆಡುವ ಆಟ) ಕಿತ್ತುಕೊಂಡು ಮುಂದಕ್ಕೆ ಹೋದ. ಫೈನಲ್‌ನಲ್ಲಿ ಮತ್ತೆ ಎರಡು ಸೆಟ್ ಹಿಂದೆ ಬಿದ್ದು ಸಿಟ್ಸಿಪಾಸ್‌ನನ್ನು ಸೋಲಿಸಿದ.

ಫೆಡರರ್ ಹೊಲಕ್ಕೂ ಇದೇ ಮಾತು. ವಿಂಬಲ್ಡನ್ ಫೈನಲ್‌ನಲ್ಲಿ ಇಬ್ಬರೂ ಮೂರು ಸಲ ಎದುರಾದರು, 2014, 2015, 2019. ಮೂರನ್ನೂ ಜೊಕೊವಿಚ್ ಗೆದ್ದ.

2019ರ ಆ ಭಾನುವಾರ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಅದೇ ಹೊತ್ತಿಗೆ ಇಂಗ್ಲೆಂಡ್-ನ್ಯೂಜಿಲೆಂಡ್ ವಿಶ್ವಕಪ್ ಫೈನಲ್ ಬೇರೆ. ಟಿವಿ ಒಂದೇ, ರಿಮೋಟ್ ನನ್ನ ಕೈಲಿ, ತಮ್ಮ ಫೆಡರರ್ ಅಂದ್ರೆ ಪ್ರಾಣ ಬಿಡುವವನು. ಐದನೇ ಸೆಟ್, 8-7, ಫೆಡರರ್ ಸರ್ವ್, 40-15. ಎರಡು ಪಾಯಿಂಟ್‌ನಲ್ಲಿ ಒಂದು ಬಂದರೆ ಸಾಕು. "ಮುಗೀತ್ ಬಿಡಣ್ಣ, ಕ್ರಿಕೆಟ್ ಹಾಕು" ಅಂದ ತಮ್ಮ. ನಾನು ಹಾಕಲಿಲ್ಲ. ಮೊದಲನೆಯದರಲ್ಲಿ ಫೆಡರರ್ ಹೊಡೆತ ಗೆರೆ ದಾಟಿತು. ಎರಡನೆಯದಕ್ಕೆ ಅವನು ನೆಟ್ ಕಡೆ ನುಗ್ಗಿದ, ಜೊಕೊವಿಚ್ ಅಡ್ಡಕ್ಕೆ ಒಂದು ಫೋರ್‌ಹ್ಯಾಂಡ್ ಹೊಡೆದ, ಚೆಂಡು ಫೆಡರರ್ ಪಕ್ಕದಲ್ಲೇ ಹಾದುಹೋಯಿತು. ತಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ನಿಂತವನು ವಾಪಸ್ ಕೂರಲೇ ಇಲ್ಲ. 12-12 ಆದ ಮೇಲೆ ಟೈಬ್ರೇಕ್, ಒಟ್ಟು 4 ಗಂಟೆ 57 ನಿಮಿಷ. ಇಡೀ ಪಂದ್ಯದಲ್ಲಿ ಪಾಯಿಂಟ್ ಜಾಸ್ತಿ ಗೆದ್ದವನು ಫೆಡರರ್, 218ಕ್ಕೆ 204. ಟೈಬ್ರೇಕ್ ಮೂರಕ್ಕೆ ಮೂರೂ ಜೊಕೊವಿಚ್‌ಗೆ. ಸ್ಟೇಡಿಯಂ ತುಂಬಾ ಜನ ಎದುರಾಳಿಯ ಹೆಸರು ಕೂಗುತ್ತಿರುವಾಗ ಹಾಗೆ ಆಡುವುದಕ್ಕೆ ಎಂಥ ಎದೆ ಬೇಕು ಹೇಳಿ.

ಪರಸ್ಪರ ಆಡಿದ ಪಂದ್ಯಗಳ ಸೋಲು-ಗೆಲುವಿನ ಲೆಕ್ಕವೂ ಹಾಗೇ ಇದೆ. ನಡಾಲ್ ಮೇಲೆ 31-29, ಫೆಡರರ್ ಮೇಲೆ 27-23. ಕಡಿಮೆ ಅಂತರ, ಒಪ್ಪುತ್ತೇನೆ. ಆದರೆ ಎರಡೂ ಕಡೆ ಮುಂದಿರುವವನು ಒಬ್ಬನೇ ಅಲ್ವಾ?

ಹಿಂದಿನವರ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಮೆತ್ತಗೆ ಮಾತಾಡಬೇಕು. ಆಸ್ಟ್ರೇಲಿಯಾದ ರಾಡ್ ಲೇವರ್ 11 ಅಂತ ಬರೆದು ಸುಮ್ನೆ ಕೆಳಗೆ ಹಾಕಿಬಿಡುತ್ತಾರೆ. ಅವರು 1962ರಲ್ಲಿ ಒಂದೇ ವರ್ಷ ನಾಲ್ಕೂ ಗೆದ್ದರು, 1969ರಲ್ಲಿ ಮತ್ತೆ ನಾಲ್ಕೂ ಗೆದ್ದರು. ನಡುವೆ 1963ರಿಂದ 1967ರವರೆಗೆ, ದುಡ್ಡಿಗೆ ಆಡುವವರು ಅಂತ ಅವರನ್ನು ಈ ಟೂರ್ನಿಗಳಿಗೆ ಸೇರಿಸಲೇ ಇಲ್ಲ. ಐದು ವರ್ಷ ಹೊಲ ಬೀಳು ಬಿಟ್ಟಂತೆ ಆಯಿತು, ಅದೂ ಅವರ ಒಳ್ಳೆಯ ವಯಸ್ಸಿನಲ್ಲಿ. ಆಗ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಮೇಲೇ ನಡೆಯುತ್ತಿದ್ದವು ಅನ್ನೋದೂ ನಿಜ. ಸ್ವೀಡನ್‌ನ ಬೋರ್ಗ್ ಅಂತೂ 1978, 79, 80 ಮೂರೂ ವರ್ಷ ಮಣ್ಣಿನಲ್ಲೂ ಹುಲ್ಲಿನಲ್ಲೂ ಗೆದ್ದವರು. ಅಮೆರಿಕದಲ್ಲಿ ನಾಲ್ಕು ಫೈನಲ್ ಆಡಿ ಒಂದನ್ನೂ ಗೆಲ್ಲಲಿಲ್ಲ, ಆಸ್ಟ್ರೇಲಿಯಾಗೆ ಒಮ್ಮೆ ಮಾತ್ರ ಹೋಗಿದ್ದರು. ಆಗಿನ ದೊಡ್ಡ ಆಟಗಾರರು ಅಷ್ಟು ದೂರ ಹೋಗುವುದೇ ಅಪರೂಪ. ಲೇವರ್, ಬೋರ್ಗ್ ಇಬ್ಬರದೂ 11, ಅದನ್ನು ಇವತ್ತಿನ 24ರ ಪಕ್ಕ ಇಟ್ಟು ತೂಗುವುದು ನ್ಯಾಯ ಅಲ್ಲ.

ಜೊಕೊವಿಚ್ ತಪ್ಪುಗಳೂ ಗೊತ್ತು. 2020ರ ಅಮೆರಿಕ ಓಪನ್‌ನಲ್ಲಿ ಸಿಟ್ಟಿನಿಂದ ಹೊಡೆದ ಚೆಂಡು ಲೈನ್ ಅಂಪೈರ್‌ಗೆ ತಾಗಿ ಹೊರಗೆ ಹೋಗಬೇಕಾಯಿತು, ಆ ಶಿಕ್ಷೆ ಸರಿಯಾದದ್ದೇ. ಅದರಿಂದ ಅವನ ಆಟ ಸಣ್ಣದಾಗುವುದಿಲ್ಲ. ಎಲ್ಲ ಗೆದ್ದು ಉಳಿದಿದ್ದು ಒಲಿಂಪಿಕ್ಸ್ ಚಿನ್ನ ಒಂದೇ, ಅದನ್ನೂ 2024ರಲ್ಲಿ 37ನೇ ವಯಸ್ಸಿನಲ್ಲಿ, ಅದೇ ಪ್ಯಾರಿಸ್‌ನ ಕೆಂಪು ಅಂಕಣದಲ್ಲಿ, ತನಗಿಂತ 16 ವರ್ಷ ಚಿಕ್ಕವನಾದ ಅಲ್ಕರಾಜ್‌ನನ್ನು ಎರಡು ಟೈಬ್ರೇಕ್‌ಗಳಲ್ಲಿ ಸೋಲಿಸಿ ತೆಗೆದುಕೊಂಡ. ಆಮೇಲೆ ಮಣ್ಣಿನ ಮೇಲೆ ಮಂಡಿಯೂರಿ ಕೈ ನಡುಗಿಸಿಕೊಂಡು ಅತ್ತ. ಅಂಗಡಿಯಲ್ಲಿ ಮೊಬೈಲ್‌ನಲ್ಲಿ ನೋಡುತ್ತಿದ್ದ ನನ್ನ ಕಣ್ಣೂ ಒದ್ದೆಯಾಯಿತು.

ಒಂದು ವಿನಂತಿ ಇದೆ. ಮುಂದಿನ ಸಲ ಈ ಪಟ್ಟಿ ಹಾಕುವಾಗ ಬರೀ ಮೊತ್ತ ಹಾಕಬೇಡಿ. ನಾಲ್ಕು ಟೂರ್ನಿಗೆ ನಾಲ್ಕು ಕಾಲಂ ಮಾಡಿ, ಯಾರು ಎಲ್ಲಿ ಎಷ್ಟು ಗೆದ್ದರು ಅಂತ ಬಿಡಿಸಿ ಹಾಕಿ. ಲೇವರ್ ಹೆಸರಿನ ಮುಂದೆ ಆ ಐದು ವರ್ಷದ ಮಾತನ್ನೂ ಒಂದು ಸಾಲು ಸೇರಿಸಿ. ನಮ್ಮ ಕಡೆ ಪೇಪರ್ ನೋಡಿಯೇ ಟೆನಿಸ್ ತಿಳಿದುಕೊಳ್ಳುವ ಹುಡುಗರು ಇದ್ದಾರೆ, ಅವರೇ ಲೆಕ್ಕ ಹಾಕಿಕೊಳ್ಳಲಿ.

ಇಂತಿ,
ನಿಮ್ಮ ಓದುಗ
ಕೊಪ್ಪಳ